ಹರಡಿದ ಮೇಲೂ ಗುಣವಾದ ಕ್ಯಾನ್ಸರ್

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಮಾತ್ರೆಯನ್ನು ನಿಮ್ಮಲ್ಲಿ ಅನೇಕರು ನುಂಗಿರುತ್ತೀರಿ. ಬಸುರಿಯಾದ ಅಕ್ಕನಿಗೋ ಅತ್ತಿಗೆಗೋ ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಮಾತ್ರೆಯನ್ನೂ ನೋಡಿರುತ್ತೀರಿ. ಎರಡರಲ್ಲೂ ಇರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಕಬ್ಬಿಣ ರಕ್ತಕ್ಕೆ ಬೇಕು ಎಂಬುದು ಎಲ್ಲರಿಗೂ ಗೊತ್ತು. ಫೋಲಿಕ್ ಆಮ್ಲ ಮಾತ್ರ ಡಬ್ಬಿಯ ಮೇಲಿನ ಹೆಸರಾಗಿಯೇ ಉಳಿದುಬಿಡುತ್ತದೆ. ಈ ಲೇಖನದಲ್ಲಿ ಆ ಎರಡನೆಯ ಹೆಸರಿನ ಜಾಡು ಹಿಡಿದು ಹೋಗೋಣ. ಆ ಜಾಡು ನಮ್ಮನ್ನು ಕರೆದೊಯ್ಯುವುದು ಗರ್ಭಕೋಶದ ಒಂದು ಅಪರೂಪದ ಕ್ಯಾನ್ಸರಿನ ಬಳಿಗೆ. ಅದರ ಹೆಸರು ಕೋರಿಯೋಕಾರ್ಸಿನೋಮ.

‘ಕ್ಯಾನ್ಸರ್ ಹರಡಿಬಿಟ್ಟಿದೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರು ಕೈಚೆಲ್ಲಿ ಕೂರುವುದನ್ನು ನೀವು ಕಂಡಿರಬಹುದು. ಬಹಳಷ್ಟು ಕ್ಯಾನ್ಸರ್‌ಗಳ ವಿಷಯದಲ್ಲಿ ಆ ಭಯಕ್ಕೆ ಆಧಾರವೂ ಉಂಟು. ಆದರೆ ಈ ಒಂದು ಕಾಯಿಲೆ ಗರ್ಭಕೋಶ ಬಿಟ್ಟು ಶ್ವಾಸಕೋಶಕ್ಕೆ ಹರಡಿದ ಮೇಲೂ ಔಷಧಿಯಿಂದಲೇ ಪೂರ್ತಿ ಗುಣವಾಗುತ್ತದೆ. ಗಡ್ಡೆಯಾಗಿ ಬೆಳೆದು ಬೇರೆ ಅಂಗಗಳಿಗೆ ಹರಡಿದ ಕ್ಯಾನ್ಸರ್ ಬರೀ ಔಷಧಿಗೆ ಮಣಿದದ್ದು ವೈದ್ಯಕೀಯದ ಇತಿಹಾಸದಲ್ಲಿ ಮೊದಲು ಇದರಲ್ಲಿಯೇ. ಆ ಸುದ್ದಿ ಅಚ್ಚಾದ ವರ್ಷ 1956. ಹೀಗಿದ್ದೂ ಹೆಣ್ಣುಮಕ್ಕಳು ಇದರಿಂದ ಇಂದಿಗೂ ಸಾಯುವುದುಂಟು. ರೋಗ ಯಾವುದೆಂದು ತಿಳಿಯದೆ ಕಾಲ ಕಳೆದುಹೋಗುವುದು, ತಿಳಿದ ಮೇಲೆ ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದು, ಇವೇ ಮುಖ್ಯ ಕಾರಣಗಳು.

ಮೊದಲು ಕಾಯಿಲೆಯನ್ನು ತಿಳಿಯೋಣ. ಗರ್ಭ ಕಟ್ಟಿದ ಕೆಲವೇ ದಿನಗಳಲ್ಲಿ ಭ್ರೂಣದ ಹೊರಪದರದ ಜೀವಕೋಶಗಳು ಗರ್ಭಕೋಶದ ಗೋಡೆಯನ್ನು ಕೊರೆದು ಒಳನುಗ್ಗುತ್ತವೆ. ತಾಯಿಯ ರಕ್ತನಾಳಗಳ ಬಾಯಿ ತೆರೆದು ಮಗುವಿಗೆ ಆಹಾರದ ದಾರಿ ಮಾಡುತ್ತವೆ. ಇವಕ್ಕೆ ಟ್ರೋಫೋಬ್ಲಾಸ್ಟ್ ಎಂದು ಹೆಸರು. ಮುಂದೆ ಇವೇ ಬೆಳೆದು ಜರಾಯು ಆಗುತ್ತದೆ. ಮನೆಗಳಲ್ಲಿ ಅದನ್ನು ಮಾಸು ಎನ್ನುತ್ತಾರೆ, ಕೆಲವೆಡೆ ಕಸ ಎನ್ನುತ್ತಾರೆ. ಸ್ವಲ್ಪ ಯೋಚಿಸಿ ನೋಡಿ: ಗೋಡೆ ಕೊರೆಯುವುದು, ರಕ್ತನಾಳಕ್ಕೆ ನುಗ್ಗುವುದು, ವೇಗವಾಗಿ ಒಡೆದು ಬೆಳೆಯುವುದು, ಇವೆಲ್ಲ ಕ್ಯಾನ್ಸರಿನ ಲಕ್ಷಣಗಳೇ. ಬಸಿರಿನಲ್ಲಿ ಈ ಕೋಶಗಳು ಒಂದು ಗಡಿಗೆ ಬಂದು ನಿಲ್ಲುತ್ತವೆ, ಅಷ್ಟೇ ವ್ಯತ್ಯಾಸ. ಹೆರಿಗೆಯ ವೇಳೆಗೆ ನಂಜೇರಿ ತೀರಿಕೊಂಡ ತಾಯಂದಿರ ಶ್ವಾಸಕೋಶದಲ್ಲಿ ಇಂಥ ಕೋಶಗಳನ್ನು ಜರ್ಮನಿಯ ಗೇಆರ್ಗ್ ಶ್ಮೋರ್ಲ್ 1893ರಲ್ಲಿಯೇ ಕಂಡಿದ್ದ. ಕ್ಯಾನ್ಸರ್ ಇಲ್ಲದ ಬಸಿರಿನಲ್ಲೂ ಕೆಲವು ಕೋಶಗಳು ರಕ್ತದೊಡನೆ ಅಷ್ಟು ದೂರ ಹೋಗುತ್ತವೆ ಎಂದು ಆಮೇಲೆ ತಿಳಿಯಿತು.

ಗಡಿ ತಪ್ಪುವುದು ಹೇಗೆ? ಸಾಮಾನ್ಯವಾಗಿ ಅದರ ಮೊದಲ ಮೆಟ್ಟಿಲು ಮೋಲ್ ಎಂಬ ಹುಸಿಗರ್ಭ. ಮುಟ್ಟು ನಿಲ್ಲುತ್ತದೆ, ವಾಂತಿ ಜೋರಾಗಿರುತ್ತದೆ, ಹೊಟ್ಟೆ ತಿಂಗಳಿಗಿಂತ ಹೆಚ್ಚು ದೊಡ್ಡದಾಗುತ್ತದೆ. ಒಳಗೆ ಮಗು ಇರುವುದಿಲ್ಲ. ಜರಾಯುವಿನ ಎಳೆಗಳೆಲ್ಲ ನೀರು ತುಂಬಿಕೊಂಡು ದ್ರಾಕ್ಷಿ ಗೊಂಚಲಿನಂತೆ ಊದಿಕೊಂಡಿರುತ್ತವೆ. ಸಾವಿರ ಬಸಿರಿಗೆ ಸುಮಾರು ಒಂದರಲ್ಲಿ ಹೀಗಾಗುತ್ತದೆ. ಏಷ್ಯಾದ ಕೆಲವು ಭಾಗಗಳಲ್ಲಿ ಇನ್ನೂ ಹೆಚ್ಚು. ಇದಕ್ಕೆ ನಮ್ಮಲ್ಲಿ ಗ್ರಹಣ, ದೃಷ್ಟಿ, ಹೆಣ್ಣಿನ ನಡತೆ ಎಂದು ಏನೇನೋ ಕಾರಣ ಹೇಳುವವರಿದ್ದಾರೆ. 1977ರಲ್ಲಿ ಜಪಾನಿನ ಕಾಜಿ ಮತ್ತು ಓಹಾಮ ಎಂಬ ವಿಜ್ಞಾನಿಗಳು ನಿಜವಾದ ಕಾರಣ ತೋರಿಸಿಕೊಟ್ಟರು. ಪೂರ್ಣ ಮೋಲ್‌ನಲ್ಲಿರುವ ವರ್ಣತಂತುಗಳೆಲ್ಲ ತಂದೆಯ ಕಡೆಯವೇ. ಅಂಡದ ಸ್ವಂತ ವರ್ಣತಂತುಗಳು ಕಳೆದುಹೋಗಿ, ಒಳಬಂದ ವೀರ್ಯಾಣುವಿನವು ಇಮ್ಮಡಿಯಾಗಿರುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಜೀವಶಾಸ್ತ್ರ ಓದುವವರು ಈ ಒಂದು ಸಂಗತಿಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದರೂ ಸಾಕು, ಎಷ್ಟೋ ಸೊಸೆಯಂದಿರ ಮೇಲಿನ ಅಪವಾದ ಕಳೆಯುತ್ತದೆ.

ಮೋಲ್ ತಾನಾಗಿ ಕ್ಯಾನ್ಸರ್ ಅಲ್ಲ. ಅದನ್ನು ಹೀರಿ ತೆಗೆದ ಮೇಲೆ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಪೂರ್ಣ ಮೋಲ್ ಆದ ನೂರು ಮಂದಿಯಲ್ಲಿ ಹದಿನೈದು ಇಪ್ಪತ್ತು ಮಂದಿಗೆ ಉಳಿದ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಅವು ಪೂರ್ತಿ ಕಟ್ಟುಮೀರಿದ ರೂಪವೇ ಕೋರಿಯೋಕಾರ್ಸಿನೋಮ. ಅದು ಬಹಳ ವಿರಳ. ಯುರೋಪು ಅಮೆರಿಕಗಳಲ್ಲಿ ಸುಮಾರು ನಲವತ್ತು ಸಾವಿರ ಬಸಿರಿಗೆ ಒಂದು ಎಂದು ಲೆಕ್ಕ. ಅರ್ಧದಷ್ಟು ಮೋಲ್‌ನಿಂದ ಹುಟ್ಟಿದರೆ, ಉಳಿದವು ಗರ್ಭಪಾತದ ನಂತರ, ಕೆಲವೊಮ್ಮೆ ಎಲ್ಲ ಸುಸೂತ್ರವಾಗಿ ಮಗು ಹುಟ್ಟಿದ ನಂತರವೂ ಬರುತ್ತವೆ. 1889ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಇದನ್ನು ತಾಯಿಯ ಗರ್ಭಕೋಶದ್ದೇ ಗಡ್ಡೆ ಎಂದು ವರ್ಣಿಸಿದ. ಆರು ವರ್ಷದ ಮೇಲೆ ಫೆಲಿಕ್ಸ್ ಮಾರ್ಷಂಡ್ ಇದು ಬಸಿರಿನ ಕೋಶಗಳದ್ದು ಎಂದು ತಿದ್ದಿದ. ತಾಯಿಯ ದೇಹದಲ್ಲಿ ಬೆಳೆಯುವ, ಆದರೆ ತಾಯಿಯದಲ್ಲದ ಕ್ಯಾನ್ಸರ್ ಇದು.

ಈ ಕೋಶಗಳಿಗೆ ಇನ್ನೊಂದು ಗುಣವಿದೆ. ಎಲ್ಲಿ ಅಡಗಿ ಕೂತರೂ ಅವು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ಅದರ ಹೆಸರು ಎಚ್‌ಸಿಜಿ. ಬಸುರಿಯ ಮೂತ್ರದಲ್ಲಿ ಸಿಗುವುದೂ ಇದೇ. 1928ರಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೋಂಡೆಕ್ ಬಸುರಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಅವುಗಳ ಅಂಡಾಶಯ ಬಲಿತಿದೆಯೇ ಎಂದು ನೋಡುವ ಪರೀಕ್ಷೆ ಕಂಡುಹಿಡಿದರು. ಮೋಲ್ ಮತ್ತು ಕೋರಿಯೋಕಾರ್ಸಿನೋಮ ಇದ್ದವರಲ್ಲಿ ಈ ಹಾರ್ಮೋನು ವಿಪರೀತ ಹೆಚ್ಚಿರುತ್ತದೆ ಎಂಬುದೂ ಬೇಗನೆ ತಿಳಿದುಬಂತು. ಎಂದರೆ ರೋಗವನ್ನು ಪತ್ತೆ ಮಾಡುವ ದಾರಿ ಸಿಕ್ಕಿತ್ತು. ಆದರೆ ಹರಡಿದ ಮೇಲೆ ಮಾಡುವುದೇನು ಎಂಬುದಕ್ಕೆ ಉತ್ತರವಿರಲಿಲ್ಲ. ಗರ್ಭಕೋಶ ತೆಗೆದುಹಾಕಬಹುದಿತ್ತು, ಶ್ವಾಸಕೋಶದಲ್ಲಿ, ಮೆದುಳಿನಲ್ಲಿ ನೆಲೆಸಿದ್ದನ್ನು ತೆಗೆಯುವಂತಿರಲಿಲ್ಲ. ಅಂಥವರಲ್ಲಿ ಬಹುಮಂದಿ ವರ್ಷದೊಳಗೆ ತೀರಿಕೊಳ್ಳುತ್ತಿದ್ದರು.

ಆ ಕಾಲದಲ್ಲಿ ನಮ್ಮ ನಾಡಿನ ಒಂದು ಊರನ್ನು ಇಟ್ಟುಕೊಂಡು ನೋಡಿ. ಬಸವಕಲ್ಯಾಣ ತಾಲ್ಲೂಕಿನ ಮಂಠಾಳ ಎಂದಿಟ್ಟುಕೊಳ್ಳೋಣ. ಬೀದರ್ ಜಿಲ್ಲೆಯ ಈ ಹೋಬಳಿ ಊರು ಮಹಾರಾಷ್ಟ್ರದ ಗಡಿಗೆ ಹತ್ತಿರ. 1940ರ ದಶಕದಲ್ಲಿ ಇದೆಲ್ಲ ನಿಜಾಮರ ಸೀಮೆ. ಹೆರಿಗೆ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಮೂರು ತಿಂಗಳಿಗೆ ಗರ್ಭ ಇಳಿದುಹೋಗಿ, ಆಮೇಲೂ ರಕ್ತಸ್ರಾವ ನಿಲ್ಲದ, ಕೆಮ್ಮಿದರೆ ರಕ್ತ ಬೀಳುವ ಒಬ್ಬ ಹೆಣ್ಣುಮಗಳನ್ನು ಅಂಥ ಊರಿನಲ್ಲಿ ಊಹಿಸಿಕೊಳ್ಳಿ. ಮನೆಯವರು ಏನೆಂದುಕೊಂಡಾರು? ಕ್ಷಯ ಎಂದುಕೊಳ್ಳುತ್ತಾರೆ. ಗಾಡಿ ಕಟ್ಟಿ, ಮೋಟಾರು ಹಿಡಿದು ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ದರೂ ಫಲ ಅಷ್ಟೇ. ಇಲ್ಲಿ ಒಂದು ಮಾತು ನೆನಪಿಡಬೇಕು: ಆಗ ಲಂಡನ್ನಿನ, ಬಾಸ್ಟನ್ನಿನ ಹೆಣ್ಣುಮಕ್ಕಳ ಪಾಡೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಬಡವರಿಗೂ ಶ್ರೀಮಂತರಿಗೂ ಒಂದೇ ತೆರನಾಗಿದ್ದ ಈ ರೋಗದಲ್ಲಿ ಮಂಠಾಳಕ್ಕೂ ಲಂಡನ್ನಿಗೂ ಅಂತರ ಬಿದ್ದದ್ದು ಔಷಧಿ ಬಂದ ಮೇಲೆ.

ಇನ್ನು ಫೋಲಿಕ್ ಆಮ್ಲದ ಜಾಡಿಗೆ ಬರೋಣ. ಅದು ಆರಂಭವಾಗುವುದು ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ಕಡು ರಕ್ತಹೀನತೆಯ ಕಾರಣ ಹುಡುಕುವುದು ಅವರ ಕೆಲಸ. ಕಬ್ಬಿಣ ಕೊಟ್ಟರೂ ಅದು ಗುಣವಾಗುತ್ತಿರಲಿಲ್ಲ. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಸಾರ ಕೊಟ್ಟಾಗ ಆಶ್ಚರ್ಯವೆಂಬಂತೆ ರಕ್ತ ಚೇತರಿಸಿಕೊಂಡಿತು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಹೆಸರಿಲ್ಲದ ವಸ್ತುವನ್ನು ಬಹುಕಾಲ ‘ವಿಲ್ಸ್ ಅಂಶ’ ಎಂದೇ ಕರೆದರು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದಾಗ, ಎಲೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ನೀವು ನುಂಗುವ ಮಾತ್ರೆಯ ಮೂಲ ಇದು. ನಮ್ಮ ದೇಶದ ಬಡ ಬಸುರಿಯರ ರಕ್ತದಿಂದ ಹೊರಟ ಈ ವಿದ್ಯೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕಿತ್ತೆಂದು ನನಗನ್ನಿಸುತ್ತದೆ.

ಎರಡನೆಯ ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, 1920ರ ದಶಕದಲ್ಲಿ ಅಮೆರಿಕಕ್ಕೆ ಹೋದವರು. ರಸಾಯನಶಾಸ್ತ್ರ ಓದಿದವರಿಗೆ ರಂಜಕವನ್ನು ಅಳೆಯುವ ಫಿಸ್ಕೆ-ಸುಬ್ಬರಾವ್ ವಿಧಾನ ಗೊತ್ತಿರುತ್ತದೆ, ಅದೇ ಸುಬ್ಬರಾವ್. 1940ರಲ್ಲಿ ಅವರು ಲೆಡರ್ಲೆ ಎಂಬ ಔಷಧಿ ಕಂಪೆನಿಯ ಸಂಶೋಧನೆಗೆ ಸೇರಿದರು. ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಅದರ ಬೆನ್ನಿಗೇ ತಂಡದವರು ಇನ್ನೊಂದು ಕೆಲಸ ಮಾಡಿದರು. ಫೋಲಿಕ್ ಆಮ್ಲದ ಅಣುವಿನಲ್ಲಿ ಸಣ್ಣ ಬದಲಾವಣೆ ಮಾಡಿ, ನೋಡಲು ಅದರಂತೆಯೇ ಇರುವ, ಆದರೆ ಅದರ ಕೆಲಸ ಮಾಡದ ಅಣುಗಳನ್ನು ಕಟ್ಟಿದರು. ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ, ಹೊರಗೂ ಬರುವುದಿಲ್ಲ, ಅಂಥ ಕೀಲಿ. ಜೀವಕೋಶ ಒಡೆದು ಎರಡಾಗಲು ಹೊಸ ಡಿಎನ್‌ಎ ಬೇಕು, ಡಿಎನ್‌ಎ ಕಟ್ಟಲು ಫೋಲಿಕ್ ಆಮ್ಲ ಬೇಕು. ಅದನ್ನು ಬಳಕೆಗೆ ತರುವ ಕಿಣ್ವಕ್ಕೆ ಈ ಹುಸಿ ಕೀಲಿ ಸಿಕ್ಕಿಕೊಂಡರೆ ಕೋಶದ ಬೆಳವಣಿಗೆ ಅಲ್ಲಿಗೇ ನಿಂತಿತು.

ಈ ಹುಸಿ ಕೀಲಿಗಳಲ್ಲಿ ಒಂದಾದ ಅಮಿನೋಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟರು. 1948ರ ಜೂನ್‌ನಲ್ಲಿ ಫಲಿತಾಂಶ ಅಚ್ಚಾಯಿತು: 16 ಮಕ್ಕಳಲ್ಲಿ 10 ಮಂದಿ ಕೆಲಕಾಲವಾದರೂ ಚೇತರಿಸಿಕೊಂಡಿದ್ದರು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು, 53 ವರ್ಷ. ಮರುತಿಂಗಳು, ಸೆಪ್ಟೆಂಬರ್ 17ರಂದು, ಹೈದರಾಬಾದ್ ಸಂಸ್ಥಾನದ ಸೇನೆ ಶರಣಾಗಿ ಬೀದರ್ ಸೀಮೆ ಭಾರತದೊಳಗೆ ಬಂತು. ಎರಡಕ್ಕೂ ಸಂಬಂಧವಿಲ್ಲ, ನಿಜ. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಇಸವಿ ನೆನಪಿರಲಿ ಎಂದು ಹೇಳಿದೆ. ಅಮಿನೋಪ್ಟೆರಿನ್‌ನ ತಮ್ಮನಂಥ ಇನ್ನೊಂದು ಅಣು ಬೇಗನೆ ಅದರ ಜಾಗ ಹಿಡಿಯಿತು. ಅದೇ ಮೆಥೊಟ್ರೆಕ್ಸೇಟ್.

ಈಗ ಕಥೆಯ ಮುಖ್ಯ ಘಟ್ಟ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಯ್ ಹರ್ಟ್ಸ್ ಎಂಬ ವೈದ್ಯರಿದ್ದರು. ಕೋಳಿಮರಿಗಳಲ್ಲಿ ಅಂಡನಾಳ ಬೆಳೆಯಬೇಕಾದರೆ ಫೋಲಿಕ್ ಆಮ್ಲ ಬೇಕೇ ಬೇಕು ಎಂದು 1940ರ ದಶಕದಲ್ಲಿ ಅವರು ಕಂಡುಕೊಂಡಿದ್ದರು. 1955ರಲ್ಲಿ ಅಲ್ಲಿಗೆ ಮಿನ್ ಚಿಯು ಲಿ ಬಂದು ಸೇರಿದರು. ಚೀನಾದಲ್ಲಿ ಹುಟ್ಟಿ, 1947ರಲ್ಲಿ ಅಮೆರಿಕಕ್ಕೆ ಓದಲು ಬಂದು, ತಾಯ್ನಾಡಿನಲ್ಲಿ ಕ್ರಾಂತಿಯಾದ್ದರಿಂದ ಅಲ್ಲಿಯೇ ಉಳಿದವರು. ನ್ಯೂಯಾರ್ಕಿನಲ್ಲಿದ್ದಾಗ ಬೇರೊಂದು ಕ್ಯಾನ್ಸರಿನ ರೋಗಿಗೆ ಫೋಲಿಕ್ ವಿರೋಧಿ ಔಷಧಿ ಕೊಟ್ಟಾಗ ಮೂತ್ರದಲ್ಲಿನ ಎಚ್‌ಸಿಜಿಯಂಥ ಹಾರ್ಮೋನು ಇಳಿದದ್ದನ್ನು ಲಿ ಗಮನಿಸಿದ್ದರು. ಗಡ್ಡೆ ಕರಗಿತೋ ಇಲ್ಲವೋ, ಹಾರ್ಮೋನು ಇಳಿಯಿತು. ಹಾಗಾದರೆ ಆ ಹಾರ್ಮೋನನ್ನೇ ಬಿಡುವ ಕೋರಿಯೋಕಾರ್ಸಿನೋಮಕ್ಕೆ ಏಕೆ ಕೊಡಬಾರದು?

1955ರಲ್ಲಿ ಕೋರಿಯೋಕಾರ್ಸಿನೋಮ ಶ್ವಾಸಕೋಶಕ್ಕೆ ಹರಡಿ, ಎದೆಯೊಳಗೆ ರಕ್ತ ಸೋರುತ್ತಿದ್ದ ತರುಣಿಯೊಬ್ಬಳಿಗೆ ಅವರು ಮೆಥೊಟ್ರೆಕ್ಸೇಟ್ ಕೊಟ್ಟರು. ಕೆಲವು ಸುತ್ತುಗಳಾಗುವ ವೇಳೆಗೆ ಎಕ್ಸ್‌ರೇಯಲ್ಲಿನ ಗಡ್ಡೆಗಳು ಮಾಯವಾದವು. 1956ರಲ್ಲಿ ಲಿ, ಹರ್ಟ್ಸ್ ಮತ್ತು ಸ್ಪೆನ್ಸರ್ ಇದನ್ನು ಪ್ರಕಟಿಸಿದರು. ಬೀದರ್ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ, ನವೆಂಬರ್ 1ರಂದು.

ಲಿ ಅವರ ನಿಜವಾದ ದೊಡ್ಡತನ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ ಎಂದು ನನ್ನ ಅಭಿಪ್ರಾಯ. ಗಡ್ಡೆ ಕಾಣದಾಯಿತು, ಹೆಣ್ಣುಮಗಳು ಎದ್ದು ಓಡಾಡಿದಳು, ಎಕ್ಸ್‌ರೇ ಶುಭ್ರವಾಯಿತು. ಆದರೂ ಎಚ್‌ಸಿಜಿ ಸ್ವಲ್ಪ ಉಳಿದಿತ್ತು. ಲಿ ಔಷಧಿ ನಿಲ್ಲಿಸಲಿಲ್ಲ. ಆ ಸಂಖ್ಯೆ ಸೊನ್ನೆಗೆ ಬರುವವರೆಗೆ ಕೊಡುತ್ತಲೇ ಹೋದರು. ಮೆಥೊಟ್ರೆಕ್ಸೇಟ್ ಸಾಧಾರಣ ಔಷಧಿಯಲ್ಲ. ಬಾಯಿ ಹುಣ್ಣಾಗುತ್ತದೆ, ರಕ್ತಕಣ ಇಳಿಯುತ್ತವೆ, ಜೀವಕ್ಕೂ ಅಪಾಯವಾಗಬಹುದು. ಕಣ್ಣಿಗೆ ರೋಗವೇ ಕಾಣದ ಹೆಣ್ಣಿಗೆ ಇಂಥದ್ದನ್ನು ಕೊಡುವುದು ಮನುಷ್ಯರ ಮೇಲೆ ಪ್ರಯೋಗ ಮಾಡಿದಂತೆ ಎಂದು ಮೇಲಿನವರಿಗೆ ಅನ್ನಿಸಿತು. 1957ರಲ್ಲಿ ಲಿ ಆ ಸಂಸ್ಥೆಯನ್ನು ಬಿಡಬೇಕಾಯಿತು. ಆಕ್ಷೇಪಿಸಿದವರನ್ನು ಸುಮ್ಮನೆ ಕೆಟ್ಟವರೆನ್ನಬೇಡಿ. ಆಗಿನ ತಿಳಿವಳಿಕೆಯಲ್ಲಿ ಅವರ ಅಂಜಿಕೆ ಸಹಜವಾದದ್ದು. ಆದರೆ ಕಾಲ ಕಳೆದಂತೆ ಲೆಕ್ಕ ಸ್ಪಷ್ಟವಾಯಿತು. ಗಡ್ಡೆ ಕರಗಿದೊಡನೆ ಔಷಧಿ ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿತು; ಎಚ್‌ಸಿಜಿ ಪೂರ್ತಿ ಇಳಿಯುವವರೆಗೆ ಕೊಟ್ಟವರು ಬದುಕಿದರು. 1961ರಲ್ಲಿ ಹರ್ಟ್ಸ್ ಮತ್ತು ಜೊತೆಗಾರರು ಐದು ವರ್ಷದ ಅನುಭವ ಬರೆದಾಗ, ರೋಗ ಹರಡಿದ್ದ 63 ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ರೋಗಮುಕ್ತರಾಗಿದ್ದರು. 1972ರಲ್ಲಿ ಲಿ ಮತ್ತು ಹರ್ಟ್ಸ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ದೂರದರ್ಶನದ ಕೆಲಸದಲ್ಲಿರುವ ನನ್ನಂಥವರಿಗೆ ಇದು ತೊಡಕಿನ ವಿಷಯ. ಎಕ್ಸ್‌ರೇಯನ್ನು ತೆರೆಯ ಮೇಲೆ ತೋರಿಸಬಹುದು. ಇಳಿಯುತ್ತಿರುವ ಸಂಖ್ಯೆಯನ್ನು ತೋರಿಸಿದರೆ ನೋಡುವವರು ಎದ್ದುಹೋಗುತ್ತಾರೆ. ಆದರೆ ಈ ರೋಗದಲ್ಲಿ ಸತ್ಯ ಹೇಳುವುದು ಚಿತ್ರಕ್ಕಿಂತ ಸಂಖ್ಯೆಯೇ. ಕಣ್ಣಿಗೆ ಕಾಣುವಷ್ಟು ಗಡ್ಡೆಯಾಗಲು ಕೋಟಿಗಟ್ಟಲೆ ಕೋಶ ಬೇಕು. ಅದಕ್ಕಿಂತ ಬಹಳ ಕಡಿಮೆ ಇದ್ದರೂ ಎಚ್‌ಸಿಜಿ ಸುಳಿವು ಕೊಡುತ್ತದೆ. ಇಲಿಯ ಕಾಲ ಮುಗಿದು, 1972ರಲ್ಲಿ ಎಚ್‌ಸಿಜಿಯ ಬೀಟಾ ಭಾಗವನ್ನಷ್ಟೇ ಹಿಡಿಯುವ ಪ್ರತಿಕಾಯದ ಪರೀಕ್ಷೆ ಬಂದ ಮೇಲೆ ಈ ಅಳತೆ ಇನ್ನೂ ಸೂಕ್ಷ್ಮವಾಯಿತು.

ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯ ಕೆನೆತ್ ಬ್ಯಾಗ್‌ಶಾ ಈ ಅಳತೆಯನ್ನು ಒಂದು ವ್ಯವಸ್ಥೆಯಾಗಿ ಬೆಳೆಸಿದರು. ಒಂದು ದಿನ ಮೆಥೊಟ್ರೆಕ್ಸೇಟ್, ಮರುದಿನ ಫೋಲಿನಿಕ್ ಆಮ್ಲ, ಹೀಗೆ ಎಂಟು ದಿನದ ಸರದಿ ಅಲ್ಲಿಂದ ಪ್ರಚಾರಕ್ಕೆ ಬಂತು. ಮೊದಲನೆಯದು ಕ್ಯಾನ್ಸರ್ ಕೋಶಕ್ಕೆ ಹೊಡೆತ ಕೊಡುತ್ತದೆ, ಎರಡನೆಯದು ಉಳಿದ ಕೋಶಗಳನ್ನು ಕಾಪಾಡುತ್ತದೆ. ಇದಕ್ಕಿಂತ ಮುಖ್ಯವಾದದ್ದು 1973ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ನೋಂದಣಿ. ದೇಶದ ಯಾವ ಮೂಲೆಯಲ್ಲಿ ಮೋಲ್ ಆದರೂ ಆಕೆಯ ಹೆಸರು ಲಂಡನ್, ಶೆಫೀಲ್ಡ್, ಡಂಡೀ ಈ ಮೂರರಲ್ಲೊಂದು ಕೇಂದ್ರಕ್ಕೆ ಹೋಗುತ್ತದೆ. ಆಮೇಲೆ ಆಕೆ ಎಲ್ಲಿಗೂ ಹೋಗಬೇಕಿಲ್ಲ. ಮಾದರಿಯನ್ನು ಸೀಸೆಯಲ್ಲಿ ಹಾಕಿ ಅಂಚೆಗೆ ಕೊಟ್ಟರಾಯಿತು. ಸಂಖ್ಯೆ ಏರಿದರೆ ಮಾತ್ರ ಕರೆಯುತ್ತಾರೆ. ಪ್ರಯಾಣ ಮಾಡುವುದು ಮಾದರಿ, ಮನೆಯಲ್ಲಿ ಇರುವುದು ತಾಯಿ. ಎಷ್ಟು ಸರಳವಾದ ಏರ್ಪಾಡು!

ನಮ್ಮಲ್ಲಿ ದೇಶಮಟ್ಟದ ಅಂಥ ನೋಂದಣಿ ಬೆಳೆದಿಲ್ಲ. ಕ್ಯಾನ್ಸರ್ ಚಿಕಿತ್ಸೆ ಬೆಳೆಯಲಿಲ್ಲವೆಂದಲ್ಲ. 1955ರಲ್ಲಿ ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಬಂತು. ಆಗ ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಮರುವರ್ಷ ರಾಜಧಾನಿ ಬೆಂಗಳೂರಾಯಿತು. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗೆ 700ರ ಹತ್ತಿರ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾಯಿತು, 1980ರಲ್ಲಿ ಸ್ವಾಯತ್ತವಾಯಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವೂ ಅಲ್ಲಿ ಕ್ರಮವಾಗಿ ದಾಖಲಾಗತೊಡಗಿತು. ಮುಂದೆ ಕಲಬುರಗಿಯಲ್ಲಿ ಕಿದ್ವಾಯಿಯ ಶಾಖಾ ಕೇಂದ್ರ ಬಂತು. ಮಂಠಾಳದ ಕಡೆಯವರಿಗೆ ಇದು ಎಷ್ಟೋ ಹತ್ತಿರ. ಅವರು ಸೊಲ್ಲಾಪುರಕ್ಕೂ ಹೋಗುತ್ತಾರೆ, ಹುಮನಾಬಾದಿಗೆ ಬಂದು ಹೆದ್ದಾರಿ ಹಿಡಿದು ಹೈದರಾಬಾದಿಗೂ ಹೋಗುತ್ತಾರೆ. 2017ರಿಂದ ಹುಮನಾಬಾದಿನ ಮೇಲೆ ಬೀದರ್-ಕಲಬುರಗಿ ರೈಲೂ ಓಡುತ್ತಿದೆ.

ದುಡ್ಡಿನ ಪ್ರಶ್ನೆ ಬೇರೆ ಇತ್ತು. 2010ರಲ್ಲಿ ರಾಜ್ಯ ಸರ್ಕಾರ ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಂದಾಗ ಮೊದಲು ಆರಿಸಿಕೊಂಡದ್ದು ಕಲಬುರಗಿ ವಿಭಾಗವನ್ನೇ. ಕ್ಯಾನ್ಸರ್ ಅದರಲ್ಲಿ ಸೇರಿತ್ತು. ಯೋಜನೆ ಇದ್ದ ಮತ್ತು ಇನ್ನೂ ಬಾರದ ಹಳ್ಳಿಗಳನ್ನು ಗಡಿಯ ಆಚೀಚೆ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಕಡೆ ಅಂಥ ಕಾಯಿಲೆಗಳಿಂದಾದ ಬಡವರ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. 2018ರಿಂದ ಆ ಬಗೆಯ ನೆರವು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಹೆಸರಿನಲ್ಲಿ ನಡೆಯುತ್ತಿದೆ. ಮೆಥೊಟ್ರೆಕ್ಸೇಟ್ ಈಗ ಹಳೆಯ, ಅಗ್ಗದ ಔಷಧಿ. ಎಂದಮೇಲೆ ಉಳಿದದ್ದು ಗುರುತಿಸುವ ಕೆಲಸ ಮತ್ತು ಬಿಡದೆ ಬರುವ ಕೆಲಸ.

ಗುರುತಿಸುವುದರಲ್ಲಿ ದೊಡ್ಡ ತೊಡಕು ಕ್ಷಯವೇ. ನಮ್ಮ ದೇಶದಲ್ಲಿ ಕೆಮ್ಮಿನಲ್ಲಿ ರಕ್ತ, ಎಕ್ಸ್‌ರೇಯಲ್ಲಿ ನೆರಳು ಎಂದರೆ ವೈದ್ಯರ ಮನಸ್ಸು ಮೊದಲು ಹೋಗುವುದು ಅಲ್ಲಿಗೆ, ಮತ್ತು ಬಹುಪಾಲು ಅದು ಸರಿಯೂ ಹೌದು. ಕ್ಷಯದ ಮಾತ್ರೆ ತಿಂಗಳುಗಟ್ಟಲೆ ನುಂಗಿ ಕೊನೆಗೆ ಕೋರಿಯೋಕಾರ್ಸಿನೋಮ ಎಂದು ತಿಳಿದ ರೋಗಿಗಳ ವರದಿ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ. ಮಕ್ಕಳಾಗುವ ವಯಸ್ಸಿನ ಹೆಣ್ಣು, ಹಿಂದೆ ಯಾವಾಗಲೋ ಹೆರಿಗೆ, ಗರ್ಭಪಾತ ಅಥವಾ ಮೋಲ್ ಆಗಿದೆ, ಈಗ ನಿಲ್ಲದ ರಕ್ತಸ್ರಾವವೋ, ಶ್ವಾಸಕೋಶದಲ್ಲಿ ಗುಂಡು ನೆರಳೋ, ಕಾರಣ ತಿಳಿಯದ ಮೂರ್ಛೆಯೋ ಕಂಡರೆ, ಒಂದು ಬಸಿರು ಪರೀಕ್ಷೆ ಮಾಡಬೇಕು. ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ‘ನಿಶ್ಚಯ್’ ಪಟ್ಟಿ ಅಳೆಯುವುದೂ ಎಚ್‌ಸಿಜಿಯನ್ನೇ. ಬರ್ಲಿನ್ನಿನಲ್ಲಿ ಐದಾರು ಇಲಿ, ಕೆಲವು ದಿನ ಬೇಕಾಗಿದ್ದ ಪರೀಕ್ಷೆ ಇಂದು ಮಂಠಾಳದಲ್ಲಿ ಐದು ನಿಮಿಷದ ಕೆಲಸ. ಒಂದು ಎಚ್ಚರಿಕೆ: ಹಾರ್ಮೋನು ಅತಿಯಾಗಿದ್ದರೆ ಪಟ್ಟಿ ಮೋಸಹೋಗಿ ಗೆರೆ ತೋರದೆಯೂ ಇರಬಹುದು, ಅಂಥಲ್ಲಿ ಮೂತ್ರಕ್ಕೆ ನೀರು ಬೆರೆಸಿ ಮತ್ತೆ ನೋಡುತ್ತಾರೆ, ರಕ್ತದಲ್ಲಿ ಅಳತೆ ಮಾಡಿಸುತ್ತಾರೆ. ಪಟ್ಟಿ ‘ಇದೆ’ ಎನ್ನುತ್ತದೆ, ‘ಎಷ್ಟಿದೆ’ ಎನ್ನುವುದಿಲ್ಲ.

ಬೇರೆ ಕ್ಯಾನ್ಸರ್‌ಗಳಲ್ಲಿ ತುಣುಕು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡದೆ ಚಿಕಿತ್ಸೆ ಆರಂಭಿಸುವುದಿಲ್ಲ. ಇಲ್ಲಿ ಹರಡಿದ ಗಡ್ಡೆಯನ್ನು ಮುಟ್ಟುವುದೇ ಅಪಾಯ; ಅದು ರಕ್ತದಿಂದ ತುಂಬಿರುತ್ತದೆ, ಕತ್ತರಿಸಿದರೆ ಹರಿಯುವ ರಕ್ತ ನಿಲ್ಲಿಸುವುದು ಕಷ್ಟ. ಮೋಲ್ ತೆಗೆದ ಮೇಲೆ ವಾರವಾರ ಎಚ್‌ಸಿಜಿ ನೋಡುತ್ತಾರೆ. ಮೂರು ವಾರ ನಾಲ್ಕು ಅಳತೆಗಳಲ್ಲಿ ಇಳಿಯದೆ ನಿಂತರೆ, ಅಥವಾ ಎರಡು ವಾರ ಮೂರು ಅಳತೆಗಳಲ್ಲಿ ಏರಿದರೆ, ಅಷ್ಟೇ ಸಾಕು, ಚಿಕಿತ್ಸೆ ಶುರು. ತೆಗೆದ ಗೊಂಚಲನ್ನು ಚೆಲ್ಲದೆ ಪರೀಕ್ಷೆಗೆ ಕಳಿಸಬೇಕು ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಿ. ಆಮೇಲೆ ಎದೆಯ ಎಕ್ಸ್‌ರೇ, ಬೇಕಾದರೆ ಮೆದುಳು ಮತ್ತು ಯಕೃತ್ತಿನ ಸ್ಕ್ಯಾನ್. ವಯಸ್ಸು, ಹಿಂದಿನ ಬಸಿರು ಯಾವ ಬಗೆಯದು, ಅದಾಗಿ ಎಷ್ಟು ತಿಂಗಳು, ಎಚ್‌ಸಿಜಿ ಎಷ್ಟು, ಎಲ್ಲೆಲ್ಲಿ ಹರಡಿದೆ ಎಂಬುದಕ್ಕೆಲ್ಲ ಅಂಕ ಹಾಕುತ್ತಾರೆ. ಒಟ್ಟು ಆರರವರೆಗೆ ಬಂದರೆ ಮೆಥೊಟ್ರೆಕ್ಸೇಟ್ ಅಥವಾ ಆಕ್ಟಿನೋಮೈಸಿನ್ ಒಂದೇ ಸಾಕು. ಸರಿಯಾದ ಕೇಂದ್ರದಲ್ಲಿ ಇಂಥವರು ಹೆಚ್ಚು ಕಡಿಮೆ ಎಲ್ಲರೂ ಗುಣವಾಗುತ್ತಾರೆ, ಶ್ವಾಸಕೋಶಕ್ಕೆ ಹರಡಿದ್ದವರೂ ಸೇರಿ. ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಐದು ಔಷಧಿಗಳ ಸರದಿ ಬೇಕಾಗುತ್ತದೆ. ಅವರಲ್ಲೂ ಹತ್ತರಲ್ಲಿ ಎಂಟೊಂಬತ್ತು ಮಂದಿ ಬದುಕುತ್ತಾರೆ. ಗರ್ಭಕೋಶವನ್ನು ತೆಗೆಯದೆಯೇ ಇದೆಲ್ಲ ಸಾಧ್ಯ.

ಬಿಡದೆ ಬರುವ ಕೆಲಸ ಇದಕ್ಕಿಂತ ಕಠಿಣ. ಔಷಧಿಯ ಎರಡು ಸುತ್ತಿಗೆ ರಕ್ತಸ್ರಾವ ನಿಲ್ಲುತ್ತದೆ, ಕೆಮ್ಮು ಹೋಗುತ್ತದೆ, ಹೊಟ್ಟೆಗೆ ಅನ್ನ ಸೇರುತ್ತದೆ. ಮನೆಯಲ್ಲಿ ಸಣ್ಣ ಮಗು, ಹೊಲದಲ್ಲಿ ತೊಗರಿ ರಾಶಿ, ಬಸ್ಸಿನ ಚಾರ್ಜು, ಗಂಡನ ಕೂಲಿ ತಪ್ಪುವುದು. ‘ಈಗ ಆರಾಮ ಅದಲ್ಲ, ಮತ್ಯಾಕ ಹೋಗೋದು?’ ಎಂದು ಅತ್ತೆ ಕೇಳಿದರೆ ಅದು ಕೆಟ್ಟತನದ ಮಾತಲ್ಲ. 1957ರಲ್ಲಿ ಲಿ ಅವರಿಗೆ ಎದುರಾದ ಪ್ರಶ್ನೆಯೂ ಇದೇ ತಾನೆ? ಸಂಖ್ಯೆ ಸಹಜಕ್ಕೆ ಬಂದ ಮೇಲೂ ಸುಮಾರು ಆರು ವಾರ ಔಷಧಿ ಮುಂದುವರಿಸುತ್ತಾರೆ. ಅಲ್ಲಿಂದ ತಿಂಗಳಿಗೊಮ್ಮೆ ಎಚ್‌ಸಿಜಿ. ಒಂದು ವರ್ಷ ಗರ್ಭ ನಿಲ್ಲದಂತೆ ನೋಡಿಕೊಳ್ಳಲು ಹೇಳುತ್ತಾರೆ. ಗರ್ಭ ನಿಂತರೆ ಎಚ್‌ಸಿಜಿ ಏರಿ, ಅದು ಮಗುವಿನದೋ ಮರುಕಳಿಸಿದ ರೋಗದ್ದೋ ತಿಳಿಯುವುದಿಲ್ಲ. ಮಂಠಾಳದ ಹತ್ತಿರದ ಪ್ರಯೋಗಾಲಯದಲ್ಲೇ ರಕ್ತ ಕೊಟ್ಟು, ಫಲಿತಾಂಶವನ್ನು ಮೊಬೈಲಿನಲ್ಲಿ ಕಲಬುರಗಿಗೋ ಹೈದರಾಬಾದಿಗೋ ಕಳಿಸಿದರೆ ಬ್ರಿಟನ್ನಿನ ಅಂಚೆ ಸೀಸೆಯ ಕೆಲಸ ಇಲ್ಲಿಯೂ ಆದೀತು. ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ ಪ್ರತಿಸಲ ಮಾಡಿಸಬೇಕು, ಇಲ್ಲವಾದರೆ ಸಂಖ್ಯೆಗಳನ್ನು ಹೋಲಿಸಲಾಗದು.

ವರ್ಷ ಕಳೆದ ಮೇಲೆ ಹೆಚ್ಚಿನವರು ಮತ್ತೆ ಬಸುರಿಯಾಗಿ ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಆ ಬಸಿರಿನಲ್ಲಿ ಮೊದಲ ತಿಂಗಳುಗಳಲ್ಲೇ ಒಂದು ಸ್ಕ್ಯಾನ್ ಮಾಡಿ ಎಲ್ಲ ಸರಿಯಿದೆಯೇ ನೋಡುತ್ತಾರೆ. ಆಶಾ ಕಾರ್ಯಕರ್ತೆ ಫೋಲಿಕ್ ಆಮ್ಲದ ಕೆಂಪು ಮಾತ್ರೆಯನ್ನೂ ಕೊಡುತ್ತಾಳೆ. ಹೆರಿಗೆಯಾಗಿ ಆರು ವಾರಕ್ಕೆ ಇನ್ನೊಮ್ಮೆ ಎಚ್‌ಸಿಜಿ ಅಳೆಸುವ ಪದ್ಧತಿಯೂ ಉಂಟು.